ಮೊಲದ ಮುರಿದ ಕಾಲು ಕೂಡಿದ ಬಗೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾವು ಏಳನೆಯ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸರ್, ಮುರಿದ ಎಲುಬು ತಾನಾಗಿಯೇ ಕೂಡುವುದುಂಟೇ?” ಎಂದು ಕೇಳಿದನು. ಅಂದಿನ ಪಾಠಕ್ಕೂ ಆ ಪ್ರಶ್ನೆಗೂ ಸಂಬಂಧವಿರಲಿಲ್ಲ. ಆದರೆ ಅವನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪೇರಿದ್ದವು. ಹತ್ತಿರಕ್ಕೆ ಕರೆದು ಮೆಲ್ಲನೆ ವಿಚಾರಿಸಲಾಗಿ ಸಂಗತಿಯು ಹೊರಬಂದಿತು.

ಅವನ ಮನೆಯಲ್ಲಿ ‘ಬೆಳ್ಳಿ’ ಎಂಬ ಬಿಳಿಯ ಮೊಲವೊಂದಿದೆ. ಹಿಂದಿನ ದಿನದ ಸಂಜೆ ಚಾಳಿನ ಗೆಳೆಯರಿಗೆ ತೋರಿಸಲೆಂದು ಅವನು ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದನು. ಮೊಲವು ಬೆದರಿ ಹಿಂಗಾಲುಗಳನ್ನು ಝಾಡಿಸಿ, ಕೈಯಿಂದ ಜಾರಿ ಶಹಾಬಾದು ಕಲ್ಲಿನ ನೆಲದ ಮೇಲೆ ಬಿದ್ದಿತು. ಬಲಗಡೆಯ ಹಿಂಗಾಲು ಜೋಲಾಡತೊಡಗಿತು. ತಂದೆಯವರು ಬೈದಾರೆಂಬ ಭಯದಿಂದ ಹುಡುಗನು ಯಾರಿಗೂ ಹೇಳಲಿಲ್ಲ. ಐಸ್‌ಕ್ರೀಮಿನ ಎರಡು ಕಡ್ಡಿಗಳನ್ನು ಕಾಲಿನ ಎರಡು ಮಗ್ಗುಲಿಗೆ ಇಟ್ಟು, ಹೊಲಿಗೆಯ ದಾರದಿಂದ ಬಿಗಿಯಾಗಿ ಸುತ್ತಿ, ಮೊಲವನ್ನು ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟನು. ಬೆಳಿಗ್ಗೆ ನೋಡಿದರೆ ಪಾದವು ಊದಿಕೊಂಡು ತಣ್ಣಗಾಗಿತ್ತು. ರಾತ್ರಿ ಇಟ್ಟ ಸೊಪ್ಪು ಇಟ್ಟಂತೆಯೇ ಇತ್ತು.

ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ನಾವು ಒಡನೆಯೇ ಹುಡುಗನ ಮನೆಗೆ ಹೋದೆವು. ಅವನ ತಾಯಿಯವರಿಗೆ ವಿಷಯವನ್ನು ತಿಳಿಸಿ, ಮೂವರೂ ಕೂಡಿ ಮೊಲವನ್ನು ಪಶುವೈದ್ಯರ ಬಳಿಗೆ ಕೊಂಡೊಯ್ದೆವು. ವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಆ ದಾರವನ್ನು ಕತ್ತರಿಸಿದ್ದು. “ಇನ್ನು ಅರ್ಧ ದಿನ ಹೀಗೆಯೇ ಇದ್ದಿದ್ದರೆ ಪಾದವೇ ಹೋಗುತ್ತಿತ್ತು,” ಎಂದು ಅವರು ಹೇಳಿದರು. ಎಲುಬು ಮುರಿದಾಗ ಸುತ್ತಲಿನ ಮಾಂಸವು ಊದಿಕೊಳ್ಳುತ್ತದೆ. ಊದಲು ಜಾಗವಿಲ್ಲದಂತೆ ದಾರವು ಬಿಗಿದಿದ್ದರೆ ರಕ್ತನಾಳಗಳು ಅದುಮಿಹೋಗಿ ಕೆಳಗಿನ ಭಾಗಕ್ಕೆ ರಕ್ತವು ಸಾಗದು. ಎಲುಬು ಮುರಿದದ್ದು ಬಿದ್ದುದರಿಂದ. ಪಾದಕ್ಕೆ ಕುತ್ತು ಬಂದದ್ದು ಪ್ರೀತಿಯಿಂದ ಕಟ್ಟಿದ ದಾರದಿಂದ. ಇದನ್ನು ಕೇಳಿ ಹುಡುಗನು ತಲೆ ತಗ್ಗಿಸಿದನು.

ಅಷ್ಟು ಎತ್ತರದಿಂದ ಬೆಕ್ಕು ಬಿದ್ದಿದ್ದರೆ ಮೈ ಕೊಡವಿ ಓಡಿಹೋಗುತ್ತಿತ್ತು. ಮೊಲಕ್ಕೇಕೆ ಹೀಗಾಯಿತು? ಬೆಕ್ಕಿನ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 12ರಿಂದ 13 ಪಾಲು ಎಲುಬಿನ ತೂಕವಾಗಿದ್ದರೆ, ಮೊಲದಲ್ಲಿ ಅದು 7ರಿಂದ 8 ಪಾಲು ಮಾತ್ರ. ಶತ್ರುವನ್ನು ಕಂಡೊಡನೆ ನೆಗೆದು ಓಡಬೇಕಾದ ಪ್ರಾಣಿಗೆ ಹಗುರವಾದ ಎಲುಬುಗಳೂ ಬಲವಾದ ಹಿಂಗಾಲಿನ ಸ್ನಾಯುಗಳೂ ಬೇಕು. ಬಯಲಿನಲ್ಲಿ ಪ್ರಾಣವನ್ನುಳಿಸುವ ಈ ರಚನೆಯೇ ಮನುಷ್ಯನ ಕೈಯಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ಹಿಂಗಾಲಿಗೆ ಆಧಾರವಿಲ್ಲದಂತೆ ಎತ್ತಿದರೆ ಮೊಲವು ಜೋರಾಗಿ ಒದೆಯುತ್ತದೆ. ಹಾಗೆ ಒದೆದು ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳುವುದೂ ಉಂಟು. ಆದುದರಿಂದ ಮೊಲವನ್ನು ಎತ್ತುವಾಗ ಒಂದು ಕೈ ಎದೆಯ ಕೆಳಗೂ ಇನ್ನೊಂದು ಕೈ ಹಿಂಭಾಗದ ಕೆಳಗೂ ಇರಬೇಕು. ಅದರ ಮೈ ನಮ್ಮ ಮೈಗೆ ಒರಗಿರಬೇಕು. ಚಿಕ್ಕ ಮಕ್ಕಳು ನೆಲದ ಮೇಲೆ ಕುಳಿತೇ ಅದನ್ನು ಆಡಿಸುವುದು ಲೇಸು.

ಬಳಿಕ ವೈದ್ಯರು ಕ್ಷ-ಕಿರಣದ ಚಿತ್ರಗಳನ್ನು ತೆಗೆದರು. ಒಂದು ಚಿತ್ರ ಮೇಲಿನಿಂದ, ಇನ್ನೊಂದು ಪಕ್ಕದಿಂದ. ಒಂದು ಕಡೆಯಿಂದ ನೆಟ್ಟಗೆ ಕಾಣುವ ಎಲುಬು ಇನ್ನೊಂದು ಕಡೆಯಿಂದ ವಾರೆಯಾಗಿರಬಹುದಾದ ಕಾರಣ ಎರಡೂ ಬೇಕು. ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿಯು 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿಯುವುದಕ್ಕೆ ಮೊದಲು ಚರ್ಮದ ಒಳಗಿನ ಮುರಿತವನ್ನು ವೈದ್ಯರು ಬೆರಳಿನಿಂದಲೇ ತಡವಿ ಊಹಿಸಬೇಕಾಗಿತ್ತು. ಬೆಳ್ಳಿಯ ಮೊಣಕಾಲಿಗೂ ಹರಡಿಗೂ ನಡುವಣ ಎಲುಬು ಮಧ್ಯದಲ್ಲಿ ಮುರಿದು, ಎರಡು ತುದಿಗಳೂ ಒಂದನ್ನೊಂದು ದಾಟಿ ನಿಂತಿದ್ದವು. ಪುಣ್ಯವಶದಿಂದ ಚರ್ಮವು ಹರಿದಿರಲಿಲ್ಲ. ಹರಿದಿದ್ದರೆ ಗಾಯದ ಮೂಲಕ ರೋಗಾಣುಗಳು ಎಲುಬಿನವರೆಗೂ ನುಗ್ಗುವ ಭಯವಿರುತ್ತಿತ್ತು.

ನಮ್ಮ ಊರಿನಲ್ಲಿ ಎತ್ತಿನ ಕಾಲು ಮುರಿದಾಗ ಬಿದಿರಿನ ದಬ್ಬೆ ಕಟ್ಟುತ್ತಿದ್ದುದನ್ನು ನಾವು ಚಿಕ್ಕಂದಿನಲ್ಲಿ ನೋಡಿದ್ದೆವು. ಇದಕ್ಕೂ ಹಾಗೆಯೇ ದಬ್ಬೆ ಕಟ್ಟಬಾರದೇ ಎಂದು ಕೇಳಿದೆವು. ವೈದ್ಯರು ಹೇಳಿದ ಉತ್ತರವು ನೆನಪಿನಲ್ಲಿಡತಕ್ಕದ್ದು. ದಬ್ಬೆಯು ಮುರಿದ ಜಾಗದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಅಲುಗದಂತೆ ಹಿಡಿಯಬೇಕು. ಮೊಲವಾದರೋ ಹಿಂಗಾಲನ್ನು ಯಾವಾಗಲೂ ಮಡಿಸಿಕೊಂಡೇ ಕೂರುವ ಪ್ರಾಣಿ. ಅದರ ಮೊಣಕಾಲನ್ನು ಹೊರಗಿನಿಂದ ಅಲುಗದಂತೆ ಹಿಡಿದಿಡುವುದು ಬಲು ಕಷ್ಟ. ಸಾಲದುದಕ್ಕೆ ಕಟ್ಟನ್ನು ಹಲ್ಲಿನಿಂದ ಕಡಿದುಬಿಡುತ್ತದೆ. ಆದುದರಿಂದ ಎಲುಬಿನ ಒಳಗಿನ ಟೊಳ್ಳಿನಲ್ಲಿ ತೆಳುವಾದ ಉಕ್ಕಿನ ಸರಳೊಂದನ್ನು ತೂರಿಸಿ ಎರಡು ತುಂಡುಗಳನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದೆಂದು ನಿಶ್ಚಯಿಸಿದರು. ಮನುಷ್ಯರ ತೊಡೆಯೆಲುಬಿಗೆ ಈ ಬಗೆಯ ಒಳಸರಳನ್ನು ಜರ್ಮನಿಯ ಕ್ಯುಂಚರ್ ಎಂಬ ಶಸ್ತ್ರವೈದ್ಯನು 1939ರಲ್ಲಿ ಬಳಕೆಗೆ ತಂದನು. ಇಂದು ಅದೇ ತತ್ತ್ವವು ಅಂಗೈಯಗಲದ ಪ್ರಾಣಿಗೂ ನೆರವಾಗುತ್ತಿದೆ.

ಪಾದದ ಊತವು ಇಳಿಯಲೆಂದು ಒಂದು ದಿನ ಕಾದು, ನೋವಿಗೆ ಔಷಧವನ್ನು ಕೊಟ್ಟು, ಮೂರನೆಯ ದಿನ ಶಸ್ತ್ರಕ್ರಿಯೆಯನ್ನು ಮಾಡಿದರು. ಅರಿವಳಿಕೆ ಕೊಡುವ ಮೊದಲು ಮನುಷ್ಯರನ್ನು ಉಪವಾಸವಿಡುತ್ತಾರೆ. ಮೊಲವನ್ನು ಹಾಗೆ ಇಡುವುದಿಲ್ಲ. ಮೊಲಕ್ಕೆ ವಾಂತಿಯಾಗುವುದೇ ಇಲ್ಲ. ಅದರ ಕರುಳು ಒಂದೇ ಸಮನೆ ಕೆಲಸ ಮಾಡುತ್ತಲೇ ಇರಬೇಕು. ಸುಮಾರು 12 ಗಂಟೆಗಳ ಕಾಲ ಮೊಲವು ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ಪ್ರಾಣಾಪಾಯದ ಸೂಚನೆ. ಬೆಳ್ಳಿಯು ಇಡೀ ರಾತ್ರಿ ಸೊಪ್ಪನ್ನು ಮುಟ್ಟದಿದ್ದುದೇ ವೈದ್ಯರಿಗೆ ಮುರಿದ ಕಾಲಿಗಿಂತ ಹೆಚ್ಚಿನ ಚಿಂತೆಯಾಗಿದ್ದಿತು. ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸೂಜಿಯಿಲ್ಲದ ಪಿಚಕಾರಿಯಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಉಣಿಸುವುದನ್ನು ಅವರು ಹುಡುಗನಿಗೆ ಕಲಿಸಿಕೊಟ್ಟರು. ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ಕೊಡಲೇಬಾರದೆಂದೂ ಎಚ್ಚರಿಸಿದರು. ನಮಗೆ ಗುಣಕೊಡುವ ಪೆನಿಸಿಲಿನ್ ಜಾತಿಯ ಔಷಧಗಳು ಮೊಲದ ಹೊಟ್ಟೆಗೆ ಹೋದರೆ, ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು ಮೊಲವೂ ಸಾಯಬಹುದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಮುರಿದ ಎಲುಬು ತಾನಾಗಿಯೇ ಕೂಡುವುದುಂಟೇ? ಕೂಡುವುದುಂಟು. ವೈದ್ಯರ ಸರಳು ಎಲುಬನ್ನು ಬೆಸೆಯುವುದಿಲ್ಲ. ಬೆಸೆಯುವ ಕೆಲಸವು ನಡೆಯುವಾಗ ಅದನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಎಲುಬು ನಿರ್ಜೀವವಾದ ಕಲ್ಲಲ್ಲ. ಅದರೊಳಗೆ ರಕ್ತವು ಹರಿಯುತ್ತದೆ, ಜೀವಕೋಶಗಳು ದುಡಿಯುತ್ತವೆ. ಮುರಿದೊಡನೆ ಆ ಜಾಗದಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಆ ಹೆಪ್ಪಿನೊಳಕ್ಕೆ ಹೊಸ ರಕ್ತನಾಳಗಳೂ ಕೋಶಗಳೂ ಬೆಳೆದುಬರುತ್ತವೆ. ಎರಡು ಮೂರು ವಾರಗಳಲ್ಲಿ ನಾರು ಮತ್ತು ಮೃದ್ವಸ್ಥಿಗಳಿಂದಾದ ಮೆತ್ತನೆಯ ಗಂಟೊಂದು ಎರಡು ತುದಿಗಳನ್ನೂ ತಬ್ಬಿಕೊಳ್ಳುತ್ತದೆ. ನಮ್ಮ ಕಿವಿಯ ಹಾಲೆಯನ್ನು ಮಡಿಸಿದರೆ ಬಾಗುವ ಆ ವಸ್ತುವೂ ಮೃದ್ವಸ್ಥಿಯೇ. ಅನಂತರ ಸುಣ್ಣದ ಅಂಶವು ಸೇರಿ ಮೆತ್ತನೆಯ ಗಂಟು ಗಟ್ಟಿಯಾದ ಎಲುಬಾಗುತ್ತದೆ. ಕೊನೆಯದಾಗಿ ತಿಂಗಳುಗಟ್ಟಲೆ ನಡೆಯುವ ಕೆಲಸವೆಂದರೆ ಬೇಡದ ಭಾಗವನ್ನು ಕರಗಿಸಿ, ಭಾರ ಬೀಳುವ ಕಡೆ ಬಲಪಡಿಸಿ, ಗಂಟನ್ನು ಮೊದಲಿನ ಆಕಾರಕ್ಕೆ ತರುವುದು. ಭಾರಕ್ಕೆ ತಕ್ಕಂತೆ ಎಲುಬು ತನ್ನ ರಚನೆಯನ್ನು ತಿದ್ದಿಕೊಳ್ಳುತ್ತದೆಂಬ ನಿಯಮವನ್ನು ವುಲ್ಫ್ ಎಂಬ ಜರ್ಮನ್ ವೈದ್ಯನು 1892ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಇಲ್ಲಿ ಒಂದು ಸೂಕ್ಷ್ಮವುಂಟು. ಮೆತ್ತನೆಯ ಗಂಟು ಬೆಳೆಯುವ ವಾರಗಳಲ್ಲಿ ಪ್ರಾಣಿಗೆ ನೋವು ಇಳಿದಿರುತ್ತದೆ; ಅದು ನೆಗೆಯಲು ಹವಣಿಸುತ್ತದೆ. ನೋಡುವವರು ಗುಣವಾಯಿತೆಂದು ಭ್ರಮಿಸುತ್ತಾರೆ. ಆಗ ನೆಗೆದರೆ ಒಳಗಿನ ಸರಳೇ ಬಾಗಬಹುದು, ಕೂಡುತ್ತಿದ್ದ ಎಲುಬು ಮತ್ತೆ ಅಗಲಬಹುದು. ಬೆಳ್ಳಿಯು ಎರಡನೆಯ ವಾರದಲ್ಲಿಯೇ ಚುರುಕಾಯಿತು. ಹೊರಗೆ ಬಿಡೆಂದು ತಂಗಿಯು ಹಟ ಹಿಡಿದಳು. ಹುಡುಗನು ಬಿಡಲಿಲ್ಲ. ಮೆಟ್ಟಿಲುಗಳಿಲ್ಲದ ತಗ್ಗಾದ ಗೂಡು, ಜಾರದಂತೆ ಹಾಸಿದ ಹಳೆಯ ಗೋಣಿತಟ್ಟು, ಬಾಯಿಗೆ ಎಟುಕುವಲ್ಲಿ ಹುಲ್ಲು ಮತ್ತು ನೀರು, ಇಷ್ಟರಲ್ಲಿಯೇ ಅದನ್ನು ಇರಿಸಿದನು. ದಿನವೂ ಎಷ್ಟು ತಿಂದಿತು, ಹಿಕ್ಕೆ ಹಾಕಿತೇ, ಪಾದ ಬೆಚ್ಚಗಿದೆಯೇ ಎಂಬುದನ್ನು ಹಳೆಯ ನೋಟುಪುಸ್ತಕವೊಂದರಲ್ಲಿ ಬರೆದನು. ಪ್ರತಿ ಸೋಮವಾರ ಆ ಪುಸ್ತಕವನ್ನು ತರಗತಿಯಲ್ಲಿ ಓದುವುದು ನಮ್ಮೆಲ್ಲರ ವಾಡಿಕೆಯಾಯಿತು. ವಿಜ್ಞಾನದ ಪಾಠವನ್ನು ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ.

ನಾಲ್ಕನೆಯ ವಾರದ ಚಿತ್ರದಲ್ಲಿ ಮುರಿದ ಜಾಗದ ಸುತ್ತ ಮಂಜಿನಂತೆ ಬಿಳಿಯ ನೆರಳೊಂದು ಕಂಡಿತು. ಮೃದ್ವಸ್ಥಿಯು ಕ್ಷ-ಕಿರಣದ ಚಿತ್ರದಲ್ಲಿ ಕಾಣದು. ಸುಣ್ಣವು ಸೇರಿದ ಮೇಲೆಯೇ ಕಾಣುವುದು. ಆದುದರಿಂದ ಆ ನೆರಳು ಶುಭಸೂಚನೆಯಾಗಿತ್ತು. ಎಂಟನೆಯ ವಾರದಲ್ಲಿ ನೆರಳು ಎಲುಬಿನಷ್ಟೇ ಬೆಳ್ಳಗಾಗಿತ್ತು. ಅಂದು ಸರಳನ್ನು ಹೊರತೆಗೆದರು. ಬೆಳ್ಳಿಯು ಮೊದಲು ಕುಂಟಿತು, ವಾರ ಕಳೆಯುವುದರೊಳಗೆ ನಡೆಯಿತು, ದೀಪಾವಳಿಯ ಹೊತ್ತಿಗೆ ಓಡಿತು. ಈಗಲೂ ಆ ಕಾಲನ್ನು ತಡವಿದರೆ ಬೆರಳಿಗೆ ಒಂದು ಸಣ್ಣ ಉಬ್ಬು ಸಿಗುತ್ತದೆ.

ಹುಡುಗನು ಹೆದರಿದ್ದ ಬೈಗುಳವು ಏನಾಯಿತೆಂದು ವಾಚಕರು ಕೇಳಬಹುದು. ಅಂದು ಸಂಜೆ ಪಾಳಿ ಮುಗಿಸಿ ಬಂದ ತಂದೆಯವರು ಎಲ್ಲವನ್ನೂ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, “ನಿನ್ನೆಯೇ ಹೇಳಿದ್ದರೆ ಅದು ಒಂದು ರಾತ್ರಿ ನರಳುವುದು ತಪ್ಪುತ್ತಿತ್ತಲ್ಲೋ ಮಗಾ,” ಎಂದರಂತೆ. ಅದಕ್ಕಿಂತ ಬೈದಿದ್ದರೇ ವಾಸಿಯಾಗಿತ್ತೆಂದು ಹುಡುಗನು ನಮ್ಮೊಡನೆ ಹೇಳಿದನು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಮೊಲವೋ ಗಿಳಿಮರಿಯಂತಹ ಸಾಕುಹಕ್ಕಿಯೋ ಬೆಕ್ಕೋ ಇರಬಹುದು. ಅವುಗಳ ಕಾಲು ಮುರಿದರೆ ನೀವು ಎಲುಬನ್ನು ಕಟ್ಟಲು ಹೋಗಬೇಡಿರಿ. ಮೆತ್ತನೆಯ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಅಲುಗದಂತೆ ಇಟ್ಟು, ಬೆಳಕು ಗದ್ದಲಗಳಿಂದ ದೂರ ಮಾಡಿ, ಹಿರಿಯರಿಗೆ ಹೇಳಿ ಪಶುವೈದ್ಯರಲ್ಲಿಗೆ ಒಯ್ಯಿರಿ. ನಮ್ಮ ಮುಂಬಯಿಯ ಪರೇಲ್‌ನಲ್ಲಿ ಪಶುವೈದ್ಯದ ಶಿಕ್ಷಣವು 1886ರಿಂದಲೂ ನಡೆದು ಬಂದಿದೆ. ಈ ಊರಿನಲ್ಲಿ ಬಲ್ಲವರಿಗೆ ಕೊರತೆಯಿಲ್ಲ. ಕೂಡಿಸುವ ಶಕ್ತಿಯನ್ನು ಆ ಜೀವವು ತನ್ನ ಎಲುಬಿನಲ್ಲಿಯೇ ಇಟ್ಟುಕೊಂಡಿದೆ. ಅದು ಬಾಯಿಬಿಟ್ಟು ಹೇಳಲಾರದ ಮಾತನ್ನು ಅದರ ಪರವಾಗಿ ತಡಮಾಡದೆ ಹೇಳುವುದಷ್ಟೇ ನಿಮ್ಮ ಪಾಲಿನ ಕೆಲಸ.