ನೂರು ರೂಪಾಯಿಯ ಕಡಿತ

ಸಾವಿರಾರು ಕೋಟಿ ರೂಪಾಯಿಗಳ ಬೇಡಿಕೆಯೊಂದು ಲೋಕಸಭೆಯ ಮುಂದಿರುವಾಗ ಸದಸ್ಯರೊಬ್ಬರು ಎದ್ದುನಿಂತು, ಇದರಲ್ಲಿ ನೂರು ರೂಪಾಯಿ ಕಡಿಮೆ ಮಾಡತಕ್ಕದ್ದೆಂದು ಸೂಚಿಸಿದರೆ, ದಿನವೂ ಗಲ್ಲಾದ ಲೆಕ್ಕ ನೋಡುವ ನಮ್ಮ ವಾಚಕರಿಗೆ ನಗು ಬಂದೀತು. ಆ ನೂರು ರೂಪಾಯಿ ಉಳಿತಾಯಕ್ಕಲ್ಲ. ಜನರ ಗೊತ್ತಾದೊಂದು ಕುಂದುಕೊರತೆಯನ್ನು ಸಭೆಯ ಮುಂದಿಡುವ ದಾರಿ ಅದು. ಬೇಡಿಕೆಯನ್ನು ಒಂದೇ ರೂಪಾಯಿಗೆ ಇಳಿಸಬೇಕೆಂಬ ಸೂಚನೆಯೂ ಉಂಟು. ಆ ಖಾತೆಯ ಧೋರಣೆಯೇ ನಮಗೆ ಒಪ್ಪಿಗೆಯಿಲ್ಲವೆಂದು ಅದರ ಅರ್ಥ. ನಿಜವಾದ ಮಿತವ್ಯಯಕ್ಕಾಗಿ ಇಂತಿಷ್ಟು ಮೊತ್ತವನ್ನು ಕಡಿಯುವುದು ಮೂರನೆಯ ಬಗೆ.

ಸಂವಿಧಾನದ 113ನೆಯ ಅನುಚ್ಛೇದದಂತೆ ಲೋಕಸಭೆಯು ಸರಕಾರದ ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಇಲ್ಲವೆ ಕಡಿಮೆ ಮಾಡಬಹುದು; ಹೆಚ್ಚಿಸುವಂತಿಲ್ಲ. ರಾಜ್ಯಸಭೆಗೆ ಚರ್ಚಿಸುವ ಹಕ್ಕುಂಟು, ಬೇಡಿಕೆಗೆ ಮತ ಕೊಡುವ ಹಕ್ಕಿಲ್ಲ.

2010ರ ಮುಂಗಡಪತ್ರದಲ್ಲಿ ಅರ್ಥಸಚಿವ ಪ್ರಣವ್ ಮುಖರ್ಜಿಯವರು ಪೆಟ್ರೋಲು, ಡೀಸೆಲುಗಳ ಅಬಕಾರಿ ಸುಂಕವನ್ನು ಲೀಟರಿಗೆ ಒಂದು ರೂಪಾಯಿಯಂತೆ ಏರಿಸಿದರು. ಏಪ್ರಿಲ್ 27ರಂದು ವಿರೋಧ ಪಕ್ಷಗಳು ಕಡಿತದ ಸೂಚನೆ ತಂದು ಮತಕ್ಕೆ ಪಟ್ಟು ಹಿಡಿದವು. ಅಂಥ ಸೂಚನೆ ಗೆದ್ದಿತೆಂದರೆ ಸಭೆಯ ವಿಶ್ವಾಸ ಹೋದಂತೆಯೇ. ಮಂತ್ರಿಮಂಡಲ ಉಳಿಯುವುದು ಕಷ್ಟ. ಸೂಚನೆಗೆ 201, ಅದಕ್ಕೆ ವಿರುದ್ಧವಾಗಿ 289 ಮತಗಳು ಬಿದ್ದವು. ಸುಂಕವೇನೂ ಇಳಿಯಲಿಲ್ಲ. ಆದರೂ ಅಂದು ಯಾವ ಪಕ್ಷ ಎತ್ತ ನಿಂತಿತೆಂಬುದನ್ನು ದೇಶ ಕಂಡಿತು.

ನಮಗೆ ಕಳವಳವಾಗುವುದು ಇಂಥ ಸೋಲಿನಿಂದಲ್ಲ. ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಳಿಗೆಗೆ ಚರ್ಚೆ ಕಾಣದ ಬೇಡಿಕೆಗಳನ್ನೆಲ್ಲ ಸಭಾಧ್ಯಕ್ಷರು ಒಮ್ಮೆಗೇ ಮತಕ್ಕೆ ಹಾಕುವ ಪದ್ಧತಿಯೊಂದಿದೆ. ಫ್ರಾನ್ಸಿನ ತಲೆ ಕಡಿಯುವ ಯಂತ್ರದ ಹೆಸರನ್ನೇ ಅದಕ್ಕಿಟ್ಟು ಗಿಲೋಟಿನ್ ಎನ್ನುತ್ತಾರೆ. (ಹೆಸರಿಟ್ಟವರು ಸತ್ಯವಂತರು!) ಕಾಲಮಿತಿಯಿಲ್ಲದೆ ಸಭೆಯ ಕೆಲಸ ಸಾಗದೆಂಬುದನ್ನು ಒಪ್ಪೋಣ. ಆದರೆ 2018ರ ಮಾರ್ಚ್ 14ರಂದು, ಮತ್ತೆ 2023ರ ಮಾರ್ಚ್ 23ರಂದು, ಗದ್ದಲದ ನಡುವೆ ಒಂದು ಬೇಡಿಕೆಯೂ ಚರ್ಚೆಗೆ ಬಾರದೆ ಎಲ್ಲವೂ ಅಂಗೀಕಾರವಾದವು. 2023ರ ಆ ಖರ್ಚು ಸುಮಾರು 45 ಲಕ್ಷ ಕೋಟಿ ರೂಪಾಯಿ. ನಮ್ಮನ್ನು ಊರಿಗೊಯ್ಯುವ ರೈಲಿನ ಖರ್ಚೂ ಕಾರ್ಮಿಕ ಖಾತೆಯ ಖರ್ಚೂ ಅದರಲ್ಲೇ ಇದ್ದವು. ಗದ್ದಲಕ್ಕೆ ಆಳುವವರು ವಿರೋಧಿಗಳನ್ನೂ ವಿರೋಧಿಗಳು ಆಳುವವರನ್ನೂ ದೂರಿದರು. ನೂರು ರೂಪಾಯಿಯ ನೆಪದಲ್ಲಿ ನಮ್ಮ ಪರವಾಗಿ ಆಡಬೇಕಾಗಿದ್ದ ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ.

ನಮ್ಮಲ್ಲಿ ಕೆಲವರ ಹೆಸರು ಮುಂಬಯಿ, ಪುಣೆಗಳ ಮತದಾರರ ಪಟ್ಟಿಯಲ್ಲಿದೆ, ಕೆಲವರದು ಇನ್ನೂ ಊರಿನಲ್ಲಿಯೇ ಇದೆ. ಎಲ್ಲಿದ್ದರೂ ಸರಿಯೆ, ಮತ್ತೆ ಮತ ಬೇಡಲು ಬಂದ ಸದಸ್ಯರನ್ನು, ಅವರು ಮಂತ್ರಿಗಳಲ್ಲದಿದ್ದರೆ, ಇಷ್ಟು ಕೇಳಬಹುದು: ಕಳೆದ ಐದು ವರುಷಗಳಲ್ಲಿ ತಾವು ಯಾವ ಯಾವ ಬೇಡಿಕೆಗೆ ಕಡಿತದ ಸೂಚನೆ ಕೊಟ್ಟಿರಿ, ಯಾರ ಸಲುವಾಗಿ?