ಬೂತಾಯಿಯ ಮೈಗೆ ಎಣ್ಣೆ ಎಲ್ಲಿಂದ?

ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ ಎನಿಸಿಕೊಳ್ಳುವ ಮೀನಿನ ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಬಲಿತದ್ದು ಸುಮಾರು 20 ಸೆಂ.ಮೀ. ಉದ್ದ, ಆಯುಸ್ಸು ಎರಡು, ಎರಡೂವರೆ ವರ್ಷ. ಅಂಜಲ್, ಕೇದರದಂಥ ಮೀನುಗಳು ಇನ್ನೊಂದು ಮೀನನ್ನು ಬೇಟೆಯಾಡಿ ಬದುಕಿದರೆ, ಬೆಳೆದ ಬೂತಾಯಿ ಹೆಚ್ಚಾಗಿ ತಿನ್ನುವುದು ಕಣ್ಣಿಗೆ ಕಾಣದ ಪಾಚಿಯನ್ನು. ಈ ಮೀನಿನ ಸಮೃದ್ಧಿಗೂ ಬರಕ್ಕೂ ಮೂಲ ಆ ಪಾಚಿಯಲ್ಲೇ ಇದೆ.

ಕಡಲಿನ ಸಸ್ಯವೆಂದರೆ ಬಂಡೆಗೆ ಅಂಟಿದ ಕಡಲಕಳೆ ನೆನಪಾಗುವುದು ಸಹಜ. ಆದರೆ ತೆರೆದ ಕಡಲಿನ ನಿಜವಾದ ಹುಲ್ಲುಗಾವಲು ನೀರಿನಲ್ಲಿ ತೇಲುವ ಏಕಕೋಶ ಜೀವಿಗಳದ್ದು. ಇವುಗಳಿಗೆ ಸಸ್ಯಪ್ಲವಕ ಎಂದು ಹೆಸರು. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇವುಗಳದು. ಇವುಗಳಲ್ಲಿ ಡಯಾಟಮ್ ಎಂಬ ಗುಂಪು ತನ್ನ ಸುತ್ತ ಸಿಲಿಕಾದ, ಅಂದರೆ ಗಾಜಿನಂಥ ವಸ್ತುವಿನ, ಚಿಪ್ಪನ್ನು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ ಆ ಚಿಪ್ಪಿನ ಕುಸುರಿ ಬೆರಗು ಹುಟ್ಟಿಸುತ್ತದೆ.

ಬಿಸಿಲು ಬೇಕಾದಷ್ಟಿದ್ದರೂ ಪಾಚಿಗೆ ಗೊಬ್ಬರ ಬೇಕು. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳೆಲ್ಲ ಆಳದ ತಣ್ಣೀರಿನಲ್ಲಿ ಸೇರಿಕೊಂಡಿರುತ್ತವೆ. ಅವನ್ನು ಮೇಲಕ್ಕೆ ತರುವುದು ಮುಂಗಾರು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಗುಂಟ ಗಾಳಿಯ ಒಂದು ಎಳೆತ ದಕ್ಷಿಣಕ್ಕಿರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ನೀರು ಗಾಳಿಯ ಬಲಕ್ಕೆ ಹೊರಳುತ್ತದೆ. ಇಲ್ಲಿ ಬಲವೆಂದರೆ ಪಡುವಣ, ದಡದಿಂದ ದೂರ. ಹಾಗೆ ಸರಿದ ನೀರಿನ ಜಾಗ ತುಂಬಲು ಆಳದ ನೀರು ಏರಿ ಬರುತ್ತದೆ. ಈ ಏರುನೀರು ಕೇರಳದ ತೀರದಲ್ಲಿ ಹೆಚ್ಚು ಬಿರುಸು. ಕರ್ನಾಟಕದ ದಕ್ಷಿಣ ಕರಾವಳಿಗೂ ಅದರ ಪಾಲು ಸಿಗುತ್ತದೆ. ಗೊಬ್ಬರ ಬಿದ್ದ ಗದ್ದೆಯಂತೆ ಕಡಲು ಹಸಿರೇರುತ್ತದೆ. ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಡಯಾಟಮ್ ದಟ್ಟವಾಗಿ ಬೆಳೆದಲ್ಲಿ ಬೂತಾಯಿಯೂ ಹೇರಳವಾಗಿರುತ್ತದೆ ಎಂಬುದನ್ನು ವಿಜ್ಞಾನಿಗಳು 1950ರ ದಶಕದಲ್ಲೇ ಗುರುತಿಸಿದ್ದರು.

ಬೂತಾಯಿ ಮೊಟ್ಟೆಯಿಡುವುದು ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಈ ಹಸಿರಿನ ಹೊತ್ತಿಗೆ ಸರಿಯಾಗಿ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಅವು ತೇಲುತ್ತಲೇ ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಮರಿಗಳು ಮೊದಲು ಕೋಪೆಪಾಡ್‌ನಂಥ ಪುಟ್ಟ ಪ್ರಾಣಿಗಳನ್ನೂ ತಿಂದು, ಬೆಳೆಯುತ್ತ ಪಾಚಿಯತ್ತ ಹೊರಳುತ್ತವೆ. ಪಾಚಿ ಸೋಸಲು ಬೂತಾಯಿಯ ಕಿವಿರಿನಲ್ಲಿ ಒಂದು ಜರಡಿಯಿದೆ. ಕಿವಿರಿನ ಮೊದಲ ಕಮಾನಿನ ಕೆಳಭಾಗದಲ್ಲೇ 150ರಿಂದ 250ರಷ್ಟು ಸಣ್ಣ ಕಡ್ಡಿಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತಿರುತ್ತವೆ. ಮೀನು ಬಾಯ್ತೆರೆದು ಈಜಿದಾಗ ನೀರು ಕಿವಿರಿನಿಂದಾಚೆ ಹರಿದುಹೋಗುತ್ತದೆ, ಪಾಚಿ ಒಳಗೆ ಉಳಿಯುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಿಂದದ್ದೆಲ್ಲ ಕೊಬ್ಬಾಗಿ ಮೈಯಲ್ಲಿ ಕೂಡುತ್ತದೆ. ಆ ತಿಂಗಳುಗಳ ಬೂತಾಯಿಯನ್ನು ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುವುದು ಇದೇ ಕಾರಣಕ್ಕೆ. ವೈದ್ಯರು ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬಿನ ಬಹುಪಾಲನ್ನು ಮೀನು ತಾನಾಗಿ ತಯಾರಿಸುವುದಿಲ್ಲ. ಅದು ಡಯಾಟಮ್‌ಗಳ ಕೊಡುಗೆ. ಹಿಂದೆ ಈ ಎಣ್ಣೆಯನ್ನು ಬೇಯಿಸಿ ತೆಗೆದು ದೋಣಿಯ ಮರಕ್ಕೆ ಬಳಿಯುತ್ತಿದ್ದರು, ಒಣಗಿಸಿದ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ಪಾಚಿಯಿಂದ ಮೀನಿಗೆ ಒಂದೇ ಮೆಟ್ಟಿಲು ಇರುವುದರಿಂದ ನಡುವೆ ಸೋರಿಹೋಗುವ ಶಕ್ತಿ ಕಡಿಮೆ. ಬೂತಾಯಿ ಇಷ್ಟು ದೊಡ್ಡ ಹಿಂಡಾಗಿ ಬದುಕಬಲ್ಲದ್ದು ಅದರಿಂದಲೇ. ಅಂಜಲ್, ಕೇದರ, ಡಾಲ್ಫಿನ್, ಕಡಲಹಕ್ಕಿಗಳೆಲ್ಲ ಈ ಹಿಂಡನ್ನು ನಂಬಿವೆ. ಆದರೆ ಆಯುಸ್ಸು ಚಿಕ್ಕದು, ಕಡಲಲ್ಲಿರುವ ಮೀನಿನಲ್ಲಿ ಹೆಚ್ಚಿನವು ಒಂದೆರಡು ವರ್ಷದ ಪ್ರಾಯದವು. ಹೀಗಾಗಿ ಏರುನೀರು ಕೈಕೊಟ್ಟ ಒಂದೇ ವರ್ಷವೂ ಬಲೆಯಲ್ಲಿ ಎದ್ದು ಕಾಣುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಎಲ್ ನಿನೊ ತಂದ ಕಡಲ ಬದಲಾವಣೆಗೆ ಮರಿಮೀನು ಹಿಡಿಯುವ ಚಾಳಿಯೂ ಕೂಡಿದರೆ ಪೆಟ್ಟು ಇಮ್ಮಡಿ.

ಕರ್ನಾಟಕದಲ್ಲಿ ಮೊದಲು ಹಿಂಡು ದಡದ ಹತ್ತಿರ ಬಂದಾಗ ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿತ್ತು. 1970ರ ದಶಕದ ಉತ್ತರಾರ್ಧದಿಂದ ಪರ್ಸೀನ್ ಬೋಟುಗಳು ಹಿಂಡನ್ನು ಕಡಲಲ್ಲೇ ಸುತ್ತುವರಿಯತೊಡಗಿದವು. ಈಗ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಬೂತಾಯಿ ಮೊಟ್ಟೆಯಿಡುವ ಕಾಲದ ದೊಡ್ಡ ಭಾಗ ಇದರೊಳಗೆ ಬರುತ್ತದೆ, ಆಗಸ್ಟ್ ಮಾತ್ರ ಹೊರಗೆ ಉಳಿಯುತ್ತದೆ. ಕೇರಳ 10 ಸೆಂ.ಮೀ.ಗಿಂತ ಚಿಕ್ಕ ಮತ್ತಿಯನ್ನು ಹಿಡಿಯುವುದನ್ನೂ ನಿಷೇಧಿಸಿದೆ. ಆದರೆ ಬೂತಾಯಿ ಮೊದಲ ಸಲ ಮೊಟ್ಟೆಗೆ ಬರುವುದು ಸುಮಾರು 15 ಸೆಂ.ಮೀ. ಬೆಳೆದ ಮೇಲೆ.