ಬಾಡಿಗೆದಾರರ ಆಯ್ಕೆ: ಮನೆಯೊಡೆಯರಾದ ನಮ್ಮವರಲ್ಲಿ ಒಂದು ಬಿನ್ನಹ

ಪ್ರತಿ ವರ್ಷ ಮಾರ್ಚಿ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಕಚೇರಿಯ ಮೆಟ್ಟಿಲನ್ನೇರುವವರಲ್ಲಿ ಒಂದು ಬಗೆಯ ಬಂಧುಗಳ ಸಂಖ್ಯೆ ಹೆಚ್ಚುವುದುಂಟು. ಇವರು ಕೇಂದ್ರ ಸರಕಾರದ ಸೇವೆಯಲ್ಲಿ ಮೂವತ್ತು ಮೂವತ್ತೈದು ವರ್ಷಗಳನ್ನು ಸವೆಸಿ ನಿವೃತ್ತರಾದವರು. ಮಯೂರ ವಿಹಾರದಲ್ಲೋ ದ್ವಾರಕೆಯಲ್ಲೋ ಒಂದು ಫ್ಲಾಟನ್ನು ಕಷ್ಟಪಟ್ಟು ಮಾಡಿಕೊಂಡವರು. ಈಗ ಮೈಸೂರಿಗೋ ಉಡುಪಿಗೋ ಹಿಂದಿರುಗಲು ಗಂಟುಮೂಟೆ ಕಟ್ಟುತ್ತಿರುವವರು. ಮನೆಯನ್ನು ಮಾರಲು ಮನಸ್ಸೊಪ್ಪದು, ಬೀಗ ಹಾಕಿ ಹೋಗಲು ಪಿಂಚಣಿ ಸಾಲದು. ಆದಕಾರಣ ಬಾಡಿಗೆಗೆ ಕೊಡಬೇಕು. ಕಳೆದ ವಾರ ಬಂದ ಒಬ್ಬ ಹಿರಿಯರು ಕುರ್ಚಿಯಲ್ಲಿ ಕುಳಿತವರೇ, “ಒಳ್ಳೆಯ ಬಾಡಿಗೆದಾರರು ಯಾರಾದರೂ ಇದ್ದರೆ ಹೇಳಿ, ಸಾಧ್ಯವಾದರೆ ನಮ್ಮವರೇ ಆಗಿರಲಿ” ಎಂದರು. ಕಾಫಿ ತರಿಸಿ ಮಾತಾಡಿ ಕಳುಹಿಸಿದೆವು. ಅಂದು ಅವರಿಗೆ ಹೇಳಿದುದನ್ನೇ ಇಂದು ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು “ನಮ್ಮವರೇ” ಎಂಬ ಮಾತನ್ನು ನೋಡೋಣ. ಈ ವಿಷಯದಲ್ಲಿ ನಾವು ಪಾಠ ಕಲಿತದ್ದು ಪುಸ್ತಕದಿಂದಲ್ಲ. ಲೇಖನಿ ಹಿಡಿಯುವುದಕ್ಕೆ ಮುಂಚೆ ನಾವು ಹೋಟೆಲು ನಡೆಸುತ್ತಿದ್ದುದು ಅನೇಕ ವಾಚಕರಿಗೆ ತಿಳಿದಿದೆ. ಹೋಟೆಲಿನ ಮೇಲಂತಸ್ತಿನಲ್ಲಿ ನಮ್ಮ ಸ್ವಾಧೀನದಲ್ಲಿದ್ದ ಎರಡು ಕೋಣೆಗಳನ್ನು ಒಮ್ಮೆ ನಮ್ಮ ಜಿಲ್ಲೆಯವರೇ ಆದ ಒಬ್ಬರಿಗೆ ಕೊಟ್ಟೆವು. ಊರು ಪಕ್ಕದ್ದು, ಮಾತು ಮಧುರವಾದದ್ದು, ನಮ್ಮ ಮನೆಯ ಪೂಜೆಗೆ ಬಂದು ಪಂಕ್ತಿಯಲ್ಲಿ ಕುಳಿತು ಉಂಡವರು. ಕಾಗದಪತ್ರ ಕೇಳಲು ನಮಗೆ ಸಂಕೋಚವಾಯಿತು. ಕೊಡುತ್ತೇನೆಂದು ಅವರೂ ಹೇಳಲಿಲ್ಲ. ನಾಲ್ಕು ತಿಂಗಳು ಬಾಡಿಗೆ ಸರಿಯಾಗಿ ಬಂದಿತು. ಐದನೆಯ ತಿಂಗಳಲ್ಲಿ ನೋಡಿದರೆ ಕೋಣೆಗಳಲ್ಲಿ ನಮಗೆ ಗುರುತೇ ಇಲ್ಲದ ಆರು ಮಂದಿ ಯುವಕರು ವಾಸವಾಗಿದ್ದರು! ತಲೆಗಿಷ್ಟೆಂದು ಅವರಿಂದ ಹಣ ಪಡೆದು ನಮ್ಮ ಬಂಧುಗಳು ಬೇರೆಡೆಗೆ ಹೊರಟುಹೋಗಿದ್ದರು. ಆ ಯುವಕರ ತಪ್ಪೇನೂ ಇರಲಿಲ್ಲ. ಅವರಿಗೆ ಬೇರೆ ವಸತಿ ಹುಡುಕಿಕೊಡುವ ಕೆಲಸವೂ ನಮ್ಮ ತಲೆಯ ಮೇಲೆಯೇ ಬಿದ್ದಿತು. ವಿದ್ಯುತ್ತಿನ ಬಾಕಿಯನ್ನು ಯಾರು ಕಟ್ಟಿದರೆಂದು ಹೇಳಬೇಕಾಗಿಲ್ಲವಷ್ಟೆ.

ಭಾಷೆ ಒಂದೇ ಆದುದರಿಂದ ಮಾತಾಡುವುದು ಸುಲಭವಾಗುತ್ತದೆ, ಅಷ್ಟೇ. ಬಾಡಿಗೆ ತಿಂಗಳು ತಿಂಗಳಿಗೆ ಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಅದನ್ನು ಆ ಹಿರಿಯರಿಗೆ ಹೇಳುವಾಗ ನಮಗೂ ಸ್ವಲ್ಪ ಅಳುಕಾಯಿತು. ನಮಗಿಂತ ಹಿಂದಿನ ಪೀಳಿಗೆಯ ಕನ್ನಡಿಗರು ಈ ನಗರಕ್ಕೆ ಬಂದು ಕರೋಲ್ ಬಾಗಿನ ಗಲ್ಲಿಗಳಲ್ಲಿ ಕೋಣೆ ಹುಡುಕುತ್ತಿದ್ದಾಗ, ಅವರು ಧಾರವಾಡದವರೋ ಮಂಗಳೂರಿನವರೋ ಎಂದು ಕೇಳಿದವರಾರು? ಎಲ್ಲರೂ “ಮದ್ರಾಸಿ”ಗಳೇ. ಒಗ್ಗರಣೆಯ ವಾಸನೆ ಬರುತ್ತದೆಂದು ಬಾಗಿಲು ಮುಚ್ಚಿದವರ ಕಥೆಗಳನ್ನು ನಮ್ಮ ಹಿರಿಯರು ಇಂದಿಗೂ ನಗುತ್ತ ಹೇಳುತ್ತಾರೆ. ಆಗ ಅವರು ನಕ್ಕಿರಲಾರರು. ಇಂದು ಅವರ ಮಕ್ಕಳೇ ಮನೆಯೊಡೆಯರು. ಬಂದವನ ಹೆಸರು ಕೇಳಿದೊಡನೆ “ಮನೆ ಕೊಟ್ಟಾಯಿತು” ಎನ್ನುವ ಚಾಳಿ ನಮ್ಮಲ್ಲಿಯೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಸುಖದೇವ ಥೋರಾಟ್ ಮತ್ತು ಅವರ ಸಂಗಡಿಗರು ದೆಹಲಿ, ನೋಯಿಡಾ, ಗಾಜಿಯಾಬಾದು, ಫರೀದಾಬಾದು, ಗುರುಗ್ರಾಮಗಳಲ್ಲಿ ಬಾಡಿಗೆ ಮನೆ ಕೇಳುವವರನ್ನು ಕಳುಹಿಸಿ ಪರೀಕ್ಷಿಸಿದರು. 2015ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅದರ ಫಲಿತಾಂಶ ಅಚ್ಚಾಯಿತು. ಮೇಲ್ಜಾತಿಯ ಹೆಸರು ಹೇಳಿದವರಿಗೆ ತೆರೆದ ಬಾಗಿಲು ದಲಿತರಿಗೆ ಎಷ್ಟೋ ಕಡೆ ಮುಚ್ಚಿತು. ಮುಸಲ್ಮಾನರಿಗೆ ಇನ್ನೂ ಹೆಚ್ಚು ಕಡೆ ಮುಚ್ಚಿತು. ತೆರೆದಲ್ಲಿಯೂ ಕೆಲವೆಡೆ ಹೆಚ್ಚಿನ ಬಾಡಿಗೆ, ಸಲ್ಲದ ಕಟ್ಟುಪಾಡು. ಇದು ಅನ್ಯಾಯವೆಂಬುದು ಒಂದು ಮಾತು. ವ್ಯಾಪಾರದ ದೃಷ್ಟಿಯಿಂದ ದಡ್ಡತನವೂ ಹೌದೆಂಬುದು ಇನ್ನೊಂದು. ಏಕೆಂದರೆ ಹೆಸರನ್ನು ಪರೀಕ್ಷಿಸಿ ತೃಪ್ತನಾದವನು ಪರೀಕ್ಷಿಸಬೇಕಾದ ಬೇರೇನನ್ನೂ ಪರೀಕ್ಷಿಸುವುದಿಲ್ಲ. ನಾವು ಮೋಸಹೋದದ್ದು ಹೀಗೆಯೇ.

ಹಾಗಾದರೆ ಪರೀಕ್ಷಿಸಬೇಕಾದುದೇನು? ಮೊದಲನೆಯದು ಆದಾಯ. ಬಾಡಿಗೆಯು ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗವನ್ನು ಬಹಳ ಮೀರಿದರೆ, ಎಂಥ ಸತ್ಯವಂತನಾದರೂ ಒಂದು ಕಾಯಿಲೆ ಬಂದ ತಿಂಗಳಲ್ಲಿ ಬಾಕಿ ನಿಲ್ಲಿಸಲೇಬೇಕಾಗುತ್ತದೆ. ಸಂಬಳದ ಚೀಟಿಯನ್ನೂ ನೌಕರಿಯ ಗುರುತಿನ ಪತ್ರವನ್ನೂ ಕೇಳುವುದು ಅವಮಾನವಲ್ಲ. ಸ್ವಂತ ವ್ಯಾಪಾರದವರಾದರೆ ಆದಾಯ ತೆರಿಗೆಯ ರಿಟರ್ನಿನ ಪ್ರತಿಯನ್ನು ಕೇಳಬಹುದು. ಸಣ್ಣ ಅಂಗಡಿಯವನಿಗೆ ಇವೆಲ್ಲ ಇರದಿದ್ದರೆ ಬ್ಯಾಂಕಿನ ಪಾಸ್‌ಬುಕ್ಕನ್ನು ನೋಡಿರಿ. ದಿನಕ್ಕೆ ಇನ್ನೂರು ಇಡ್ಲಿ ಮಾರುವವನಿಗೆ ಸಂಬಳದ ಚೀಟಿ ಕೊಡುವವರು ಯಾರಿದ್ದಾರೆ?

ಎರಡನೆಯದು ಹಿಂದಿನ ಮನೆಯೊಡೆಯನ ಮಾತು. ಇಲ್ಲಿ ಒಂದು ಸೂಕ್ಷ್ಮವುಂಟು. ಈಗಿರುವ ಮನೆಯ ಒಡೆಯನನ್ನು ಕೇಳಿದರೆ, ಪೀಡೆ ತೊಲಗಲಿ ಎಂದು ಬಯಸುವವನು ಹೊಗಳಿಯೇ ಹೊಗಳುತ್ತಾನೆ. ಬಿಡಲು ಇಷ್ಟವಿಲ್ಲದವನು ಏನಾದರೂ ಕೊಂಕು ತೆಗೆಯುತ್ತಾನೆ. ಅದಕ್ಕೂ ಹಿಂದಿನ ಮನೆಯ ಒಡೆಯನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವನಿಗೆ ದೂರವಾಣಿ ಮಾಡಿ, “ಬಾಡಿಗೆ ಯಾವ ತಾರೀಖಿಗೆ ಬರುತ್ತಿತ್ತು? ಬಿಡುವಾಗ ಮನೆ ಹೇಗಿತ್ತು?” ಎಂಬ ಎರಡೇ ಪ್ರಶ್ನೆ ಕೇಳಿದರೆ ಸಾಕು. “ಹೇಗೆ ಮನುಷ್ಯ?” ಎಂದು ಕೇಳಬೇಡಿರಿ, ಆ ಪ್ರಶ್ನೆಗೆ “ಒಳ್ಳೆಯ ಮನುಷ್ಯ” ಎಂಬುದನ್ನು ಬಿಟ್ಟು ಬೇರೆ ಉತ್ತರವನ್ನು ನಾವು ಈವರೆಗೆ ಕೇಳಿಲ್ಲ.

ಮೂರನೆಯದನ್ನು ನಾವು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕಲಿತೆವು. ಗಿರಾಕಿ ಯಜಮಾನನೊಡನೆ ಹೇಗೆ ಮಾತಾಡುತ್ತಾನೆಂಬುದು ಮುಖ್ಯವಲ್ಲ, ಮೇಜು ಒರೆಸುವ ಹುಡುಗನೊಡನೆ ಹೇಗೆ ಮಾತಾಡುತ್ತಾನೆಂಬುದು ಮುಖ್ಯ. ಮನೆ ನೋಡಲು ಬಂದವರು ಕಾವಲುಗಾರನನ್ನು ಗದರಿಸಿದರೆ, ನಾಳೆ ನೆರೆಯವರನ್ನೂ ಗದರಿಸುವರು. ಬಂದವರು ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬೇಸಗೆಯಲ್ಲಿ ಮೇಲಿನ ಮಹಡಿ ಎಷ್ಟು ಕಾಯುತ್ತದೆ, ಶಾಲೆ ಎಷ್ಟು ದೂರ ಎಂದು ಹತ್ತು ಪ್ರಶ್ನೆ ಕೇಳಿದರೆ ಬೇಸರಿಸಬೇಡಿರಿ. ಅವರು ನಿಲ್ಲಲು ಬಂದವರು. ಏನನ್ನೂ ನೋಡದೆ, ಚೌಕಾಸಿಯನ್ನೂ ಮಾಡದೆ, ಇಂದೇ ಬೀಗದ ಕೈ ಕೊಡಿ, ವರ್ಷದ ಬಾಡಿಗೆಯನ್ನು ಒಟ್ಟಿಗೆ ನಗದಾಗಿ ಕೊಡುತ್ತೇನೆ ಎನ್ನುವವನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಇನ್ನೊಂದು ಮೋಸ ಈಚಿನ ವರ್ಷಗಳದ್ದು: ಸೈನ್ಯದ ಅಧಿಕಾರಿಯೆಂದು ದೂರವಾಣಿಯಲ್ಲಿ ಹೇಳಿಕೊಂಡು, ಮುಂಗಡ ಕಳುಹಿಸುತ್ತೇನೆಂದು ಕ್ಯೂಆರ್ ಚಿತ್ರವೊಂದನ್ನು ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆ ಒತ್ತಿರೆನ್ನುತ್ತಾರೆ. ಹಣ ಬರಬೇಕಾದರೆ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿದರೆ ನಿಮ್ಮ ಹಣವೇ ಹೋಗುತ್ತದೆ.

ಇನ್ನು ಪೊಲೀಸು ಪರಿಶೀಲನೆ. ಬಾಡಿಗೆದಾರರ ವಿವರವನ್ನು ಠಾಣೆಗೆ ತಿಳಿಸಬೇಕೆಂದು ದೆಹಲಿ ಪೊಲೀಸರು ಕಾಲಕಾಲಕ್ಕೆ ಆಜ್ಞೆ ಹೊರಡಿಸುತ್ತಾರೆ. ಅದನ್ನು ಮೀರಿದರೆ ಮೊದಲು ದಂಡಸಂಹಿತೆಯ 188ನೆಯ ವಿಧಿ ತಗಲುತ್ತಿದ್ದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 223ನೆಯ ವಿಧಿ ತಗಲುತ್ತದೆ. ತಪ್ಪು ಬಾಡಿಗೆದಾರನದಲ್ಲ, ಮನೆಯೊಡೆಯನದು ಎಂಬುದನ್ನು ಗಮನಿಸಬೇಕು. ನಮೂನೆಯನ್ನು ಠಾಣೆಯಲ್ಲಿಯೂ ಕೊಡಬಹುದು, ಪೊಲೀಸರ ಅಂತರ್ಜಾಲ ತಾಣದ ಮೂಲಕವೂ ಕಳುಹಿಸಬಹುದು. ಸ್ವೀಕೃತಿಯನ್ನು ಮಾತ್ರ ಜೋಪಾನವಾಗಿಡಿರಿ. ಆದರೆ ಇದನ್ನು ಮಾಡಿದ ಮಾತ್ರಕ್ಕೆ ಎಲ್ಲವೂ ಆಯಿತೆಂದು ತಿಳಿಯುವುದು ಭ್ರಮೆ. ಬಾಡಿಗೆ ಕೊಡದವನ ಹೆಸರು ಯಾವ ಠಾಣೆಯ ದಫ್ತರದಲ್ಲಿಯೂ ಇರುವುದಿಲ್ಲ.

ಕಾನೂನಿನ ವಿಷಯದಲ್ಲಿ ನಮ್ಮವರಲ್ಲಿ ಎರಡು ಭಯಗಳಿವೆ. ಹನ್ನೆರಡು ವರ್ಷವಿದ್ದರೆ ಮನೆ ಬಾಡಿಗೆದಾರನದೇ ಆಗಿಬಿಡುವುದೆಂಬುದು ಒಂದು. ಇದು ಸರಿಯಲ್ಲ. ಹನ್ನೆರಡು ವರ್ಷಗಳ ಗಡುವು ಒಡೆಯನ ಹಕ್ಕನ್ನು ಅಲ್ಲಗಳೆದು ಸ್ವಾಧೀನ ಮಾಡಿಕೊಂಡವನಿಗೆ ಸಂಬಂಧಿಸಿದ್ದು. ಬಾಡಿಗೆದಾರನು ಒಡೆಯನ ಒಪ್ಪಿಗೆಯಿಂದ ಇರುವವನಾದುದರಿಂದ, ಬಾಡಿಗೆ ಸಂಬಂಧ ಇರುವವರೆಗೆ ಒಡೆತನವನ್ನು ಅಲ್ಲಗಳೆಯಲು ಅವನಿಗೆ ಅಧಿಕಾರವಿಲ್ಲ. ಅದು ಬಾಡಿಗೆಯೇ ಎಂದು ತೋರಿಸಲು ಬರಹವೊಂದು ಬೇಕು, ಅಷ್ಟೆ. ಎರಡನೆಯ ಭಯ 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯಿದೆಯದು. ಚಾಂದನಿ ಚೌಕ, ಕನಾಟ್ ಪ್ಲೇಸುಗಳಲ್ಲಿ ಕೆಲವೇ ನೂರು ರೂಪಾಯಿಗಳ ಬಾಡಿಗೆಗೆ ತಲೆಮಾರುಗಟ್ಟಲೆ ಇರುವವರ ಸುದ್ದಿ ಕೇಳಿ ಜನ ಹೆದರುತ್ತಾರೆ. ಆದರೆ 1988ರ ತಿದ್ದುಪಡಿಯಿಂದ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳು ಆ ಕಾಯಿದೆಯ ಹೊರಗಾದವು. ಇದನ್ನು ಬದಲಿಸಲೆಂದು 1995ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆಯು ವರ್ತಕರ ವಿರೋಧದಿಂದಾಗಿ ಜಾರಿಗೇ ಬರಲಿಲ್ಲ. ಇಂದಿನ ಫ್ಲಾಟುಗಳಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ನಿಮ್ಮ ಕರಾರೂ ಅನ್ವಯಿಸುತ್ತವೆ. ಬಿಡಿಸುವ ಹಕ್ಕು ನಿಮಗಿದೆ; ಆದರೆ ಬಿಡದವನನ್ನು ನ್ಯಾಯಾಲಯದ ಮೂಲಕ ಬಿಡಿಸಲು ವರ್ಷಗಳು ಬೇಕು. ಆಯ್ಕೆಯಲ್ಲಿ ಇಷ್ಟೊಂದು ಎಚ್ಚರ ಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಯಮುನೆಯನ್ನು ದಾಟಿ ನೋಯಿಡಾ, ಗಾಜಿಯಾಬಾದುಗಳಿಗೆ ಹೋದರೆ ಕಾನೂನು ಬೇರೆ. ಅಲ್ಲಿ ಉತ್ತರ ಪ್ರದೇಶದ 2021ರ ಕಾಯಿದೆಯಂತೆ ಕರಾರು ಬರಹದಲ್ಲಿಯೇ ಇರತಕ್ಕದ್ದು, ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು. ಗುರುಗ್ರಾಮ, ಫರೀದಾಬಾದುಗಳಲ್ಲಿ ಹರಿಯಾಣದ 1973ರ ಕಾಯಿದೆ ಇದೆ. ಮೂರೂ ಕಡೆ ಒಂದೇ ನಮೂನೆಯ ಸ್ಟಾಂಪು ಕಾಗದವನ್ನು ಕೊಂಡು ಹೆಸರು ತುಂಬಿಸುವವರು ಇದನ್ನು ಮನಗಾಣಬೇಕು.

ಕರಾರನ್ನು ಹನ್ನೊಂದು ತಿಂಗಳಿಗೆ ಬರೆಯುವ ರೂಢಿ ಏಕೆಂದು ಅನೇಕರು ಕೇಳುತ್ತಾರೆ. ಒಂದು ವರ್ಷವನ್ನು ಮೀರಿದ ಗೇಣಿಪತ್ರವನ್ನು 1908ರ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚನ್ನು ತಪ್ಪಿಸುವ ಉಪಾಯವಿದು. ಊರು ಬಿಟ್ಟು ಹೋಗುವವರು ಆ ಖರ್ಚನ್ನು ಉಳಿಸಬಾರದೆಂಬುದು ನಮ್ಮ ಅಭಿಪ್ರಾಯ. ಎರಡು ಮೂರು ವರ್ಷಗಳ ನೋಂದಾಯಿತ ಪತ್ರವಿದ್ದರೆ ಮೈಸೂರಿನಲ್ಲಿ ಕುಳಿತವರಿಗೆ ನಿದ್ರೆ ಬರುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆದಾರ ಬದಲಾದರೆ ಲಾಭವಾಗುವುದು ದಲಾಲಿಗೆ, ಪ್ರತಿ ಸಲವೂ ಎರಡೂ ಕಡೆಯಿಂದ ಅವನಿಗೆ ರುಸುಮು ಸಲ್ಲುವುದರಿಂದ. ಪತ್ರದಲ್ಲಿ ವಾಸವಿರುವವರ ಹೆಸರುಗಳೆಲ್ಲ ಇರಲಿ. ಒಳಬಾಡಿಗೆಗೆ ಕೊಡಕೂಡದೆಂಬ ಮಾತು ಸ್ಪಷ್ಟವಾಗಿರಲಿ (ನಮ್ಮ ಆರು ಮಂದಿ ಯುವಕರನ್ನು ನೆನೆಯಿರಿ). ವಿದ್ಯುತ್ ಮೀಟರಿನ ಅಂಕೆ, ಪಂಕ, ಗೀಸರುಗಳ ಪಟ್ಟಿ, ಕೋಣೆಗಳ ಛಾಯಾಚಿತ್ರ ಜೊತೆಗಿರಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳಿದ ರೂಢಿಯನ್ನು ಇಲ್ಲಿ ತರಬೇಡಿರಿ. ದೆಹಲಿಯಲ್ಲಿ ಒಂದೆರಡು ತಿಂಗಳದ್ದೇ ವಾಡಿಕೆ. ಹೆಚ್ಚು ಕೇಳಿದರೆ ಸಂಬಳದ ಮೇಲೆ ನಿಂತ ಪ್ರಾಮಾಣಿಕನು ಹಿಂದೆ ಸರಿಯುತ್ತಾನೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ನೀವು ಅವನನ್ನು ಅಳೆಯುತ್ತಿರುವಾಗ ಅವನೂ ನಿಮ್ಮನ್ನು ಅಳೆಯುತ್ತಿರುತ್ತಾನೆ. ನೌಕರಿಯವನಿಗೆ ತೆರಿಗೆಯಲ್ಲಿ ಬಾಡಿಗೆಯ ರಿಯಾಯಿತಿ ಬೇಕಾಗುತ್ತದೆ. ಅದಕ್ಕೆ ನಿಮ್ಮ ರಸೀದಿಯೂ, ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮೀರಿದರೆ ನಿಮ್ಮ ಪ್ಯಾನ್ ಸಂಖ್ಯೆಯೂ ಬೇಕು. “ರಸೀದಿ ಕೊಡುವುದಿಲ್ಲ, ನಗದಾಗಿಯೇ ಕೊಡಿ” ಎನ್ನುವ ಒಡೆಯನ ಮನೆಗೆ ನೆಲೆಯಾದ ನೌಕರಿಯವರು ಬರುವುದಿಲ್ಲ. ಲೆಕ್ಕಪತ್ರ ಬೇಡದವರು ಬರುತ್ತಾರೆ. ಆಮೇಲೆ ಬಾಡಿಗೆದಾರ ಸರಿಯಿಲ್ಲವೆಂದು ನಮ್ಮ ಕಚೇರಿಗೆ ಬಂದು ದೂರುವುದರಿಂದ ಏನು ಪ್ರಯೋಜನ? ಬಾಕಿಗಾಗಿ ನೀರು, ವಿದ್ಯುತ್ತು ಕಡಿಯುವ ದಾರಿಯನ್ನಂತೂ ಹಿಡಿಯಲೇಬೇಡಿರಿ. ನ್ಯಾಯ ನಿಮ್ಮ ಕಡೆಗಿದ್ದದ್ದು ಆ ಕ್ಷಣವೇ ಅವನ ಕಡೆಗೆ ವಾಲುತ್ತದೆ.

ಹೆಂಗಸರು ಒಬ್ಬರೇ ಇದ್ದರೆ ಕೊಡಬೇಕೇ, ಅವಿವಾಹಿತರಿಗೆ ಕೊಡಬೇಕೇ ಎಂದೂ ಹಿರಿಯರು ಕೇಳಿದರು. ಕೊಡಬೇಕೆಂದೇ ನಮ್ಮ ಉತ್ತರ. ಮೇಲೆ ಹೇಳಿದ ಆದಾಯ, ಹಿಂದಿನ ಒಡೆಯನ ಮಾತು, ಬರಹ ಈ ಮೂರೂ ಅವರಿಗೂ ಅನ್ವಯಿಸುತ್ತವೆ. ಒಬ್ಬರೇ ಇದ್ದಾರೆಂಬುದು ಆ ಮೂರರಲ್ಲಿ ಯಾವುದಕ್ಕೂ ಅಡ್ಡಿಯಲ್ಲ.

ನಿನ್ನೆ ಆ ಹಿರಿಯರು ಮತ್ತೆ ಬಂದಿದ್ದರು. ಮೂವರು ಮನೆ ನೋಡಿ ಹೋದರಂತೆ. ಒಬ್ಬರು ನಮ್ಮ ಕಡೆಯವರೇ, ಆದರೆ ಕಾಗದವೇಕೆ ಎಂದರಂತೆ. ಎರಡನೆಯವರು ವರ್ಷದ ಹಣವನ್ನು ಚೀಲದಲ್ಲಿಯೇ ತಂದಿದ್ದರಂತೆ. ಮೂರನೆಯವಳು ಆಸ್ಪತ್ರೆಯೊಂದರಲ್ಲಿ ದಾದಿ, ಮಣಿಪುರದವಳು. ಸಂಬಳದ ಚೀಟಿಯನ್ನೂ ಎರಡು ಮನೆಗಳ ಹಿಂದಿನ ಒಡೆಯರ ದೂರವಾಣಿ ಸಂಖ್ಯೆಯನ್ನೂ ಕೇಳುವುದಕ್ಕೆ ಮೊದಲೇ ಕೊಟ್ಟು, ಅಡಿಗೆಮನೆಯ ನಲ್ಲಿ ಸೋರುತ್ತದೆ, ಬರುವುದಕ್ಕೆ ಮುಂಚೆ ಸರಿಮಾಡಿಸಿಕೊಡಿ ಎಂದಳಂತೆ. ಹಿರಿಯರ ಮನೆಯಾಕೆಗೆ ಇನ್ನೂ ಸ್ವಲ್ಪ ಹಿಂಜರಿಕೆ ಇದೆ. ಅವರು ನಮ್ಮಲ್ಲಿ ಕೇಳಿ ಹೋದದ್ದು ಮಾತ್ರ, ಕಡಿಮೆ ಕೂಲಿಗೆ ಒಳ್ಳೆಯ ನಲ್ಲಿಯವನು ಮಯೂರ ವಿಹಾರದ ಕಡೆ ಯಾರಿದ್ದಾರೆ ಎಂದು.